ಅಟ್ಟದ ಕೊಬ್ಬರಿ, ಪಟ್ಟಣದ ಸೀಟು

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಕಾಲೇಜು ಓದಿನ ಮಾತೆಲ್ಲ ಇಂದು ‘ಸೀಟು’ ಎಂಬ ಒಂದೇ ಪದದ ಸುತ್ತ ತಿರುಗುತ್ತದೆ. ಮಕ್ಕಳು ಏನು ಓದುತ್ತಿದ್ದಾರೆ ಎನ್ನುವುದಕ್ಕಿಂತ ‘ಎಲ್ಲಿ ಸೀಟು ಸಿಕ್ತು?’ ಎನ್ನುವುದೇ ಮದುವೆಮನೆಯಲ್ಲಿ, ಸಂತೆಯಲ್ಲಿ, ಕೊಬ್ಬರಿ ಮಂಡಿಯ ಜಗಲಿಯಲ್ಲಿ ಮೊದಲು ಕೇಳಿಬರುವ ಪ್ರಶ್ನೆಯಾಗಿದ್ದು, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಹಿಡಿಯುವ ಜಾಗಕ್ಕೂ ಪರೀಕ್ಷೆ ಬರೆದು ಗಳಿಸುವ ವ್ಯಾಸಂಗದ ಅವಕಾಶಕ್ಕೂ ಒಂದೇ ಹೆಸರು ನಿಂತಿರುವುದು ಬರಿಯ ಆಕಸ್ಮಿಕವೆಂದು ತೋರುವುದಿಲ್ಲ. ಎರಡರಲ್ಲೂ ಮೊದಲ ಆತಂಕ ಜಾಗ ಸಿಗುತ್ತದೆಯೋ ಇಲ್ಲವೋ ಎಂಬುದು; ಗಾಡಿ ಯಾವ ಊರಿಗೆ ಹೋಗುತ್ತದೆ ಎಂಬ ವಿಚಾರಣೆ ಕುಳಿತ ಮೇಲೆ. ಆದರೆ ಈ ಸೀಮೆಯ ವಿದ್ಯಾರ್ಥಿಯ ದಾರಿ ನಿರ್ಧಾರವಾಗುವುದು ಮನೆಮಂದಿಯೆಲ್ಲ ಕಾತರದಿಂದ ಕಾಯುವ ಸಿಇಟಿ ಫಲಿತಾಂಶದ ದಿನವಲ್ಲ, ಅದಕ್ಕೆ ಎರಡು ವರ್ಷ ಮೊದಲು ಪಿಯು ಅರ್ಜಿಯ ಒಂದು ಕಾಲಂ ತುಂಬಿದ ದಿನ. ಕೆಲವರ ಮಟ್ಟಿಗಂತೂ ಒಂದನೇ ತರಗತಿಗೆ ಹೆಸರು ಬರೆಸಿದ ದಿನ.

ಆಯ್ಕೆ ಎಂಬ ಸಮಸ್ಯೆಯೇ ಇಲ್ಲದಿದ್ದ ಕಾಲವೊಂದಿತ್ತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ಕನ್ನಡ ವಿದ್ವಾಂಸ ತೀ.ನಂ. ಶ್ರೀಕಂಠಯ್ಯನವರ ತಲೆಮಾರಿಗೆ ಪದವಿ ಎಂದರೆ ಮೈಸೂರು, ಮೈಸೂರು ಎಂದರೆ ಮಹಾರಾಜ ಕಾಲೇಜು ಎಂಬಷ್ಟು ದಾರಿ ಇಕ್ಕಟ್ಟಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯವೇ ಸ್ಥಾಪನೆಯಾದದ್ದು 1916ರಲ್ಲಿ. ಅಂಥ ದಾರಿಯಲ್ಲಿ ನಡೆದೂ ಅವರು ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಗೆದ್ದು, ಅಧಿಕಾರಿಯಾಗುವ ಬಾಗಿಲು ತೆರೆದಿದ್ದಾಗ, ಅದನ್ನು ಬಿಟ್ಟು ಅಧ್ಯಾಪನಕ್ಕೆ ಬಂದರು. ವಿಷಯದ ಒಲವು ಹುದ್ದೆಯ ಆಕರ್ಷಣೆಯನ್ನು ಮೀರಿದ ಈ ನಿದರ್ಶನವನ್ನು ಇದೇ ಸೀಮೆಯವರು ತಮ್ಮ ಮಕ್ಕಳ ಮುಂದೆ ಅಷ್ಟಾಗಿ ಎತ್ತಿ ಆಡದಿರುವುದು ಸೋಜಿಗ.

ಮುಂದೆ 1960ರ ದಶಕದಲ್ಲಿ ತಿಪಟೂರಿನ ಕಲ್ಪತರು ವಿದ್ಯಾಸಂಸ್ಥೆಯ ವಿಜ್ಞಾನ ಕಾಲೇಜು ಮತ್ತು ಪಲ್ಲಾಗಟ್ಟಿ ಅಡವಪ್ಪ ಕಲಾ ಮತ್ತು ವಾಣಿಜ್ಯ ಕಾಲೇಜುಗಳು ನೆಲೆಗೊಂಡು, ಪದವಿಯೆಂಬುದು ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾದ ದೂರಕ್ಕೆ ಬಂದಿತು. ತುಮಕೂರಿನಲ್ಲಿ 1963ರಲ್ಲಿ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವೂ, ತಿಪಟೂರಿನಲ್ಲೇ 1986ರಲ್ಲಿ ಕಲ್ಪತರು ತಾಂತ್ರಿಕ ಮಹಾವಿದ್ಯಾಲಯವೂ ಆರಂಭವಾದವು. ತುಮಕೂರು ವಿಶ್ವವಿದ್ಯಾನಿಲಯ 2004ರಲ್ಲಿ ಬಂದ ಬಳಿಕ ಪದವಿ ಕಾಲೇಜುಗಳ ಕಾಗದಪತ್ರಕ್ಕೂ ಬೆಂಗಳೂರಿನವರೆಗೆ ಅಲೆಯುವುದು ತಪ್ಪಿತು. ಇಂದು ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಹೀಗೆ ಕಾಲೇಜು ಹತ್ತಿರ ಬರುತ್ತಿದ್ದ ಹೊತ್ತಿನಲ್ಲೇ 1994ರಲ್ಲಿ ವೃತ್ತಿಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಈಗಿನ ರೂಪದಲ್ಲಿ ಆರಂಭವಾಗಿ, ಹಳ್ಳಿಯ ಹುಡುಗನಿಗೂ ರ‍್ಯಾಂಕಿನ ಬಲದಿಂದ ಬೆಂಗಳೂರಿನ ಕಾಲೇಜು ದಕ್ಕುವಂತಾಯಿತು. ಇದು ದೊಡ್ಡ ಸಾಮಾಜಿಕ ನ್ಯಾಯವೆಂಬುದರಲ್ಲಿ ಅನುಮಾನವಿಲ್ಲ. ಊರ ಕಾಲೇಜು ಎಂದರೆ ‘ಎಲ್ಲೂ ಸಿಗದವರು ಸೇರುವುದು’ ಎಂಬ ಭಾವನೆ ಬೇರೂರಿದ್ದೂ ಅದರ ಜೊತೆಜೊತೆಗೇ.

ಈ ಸೀಮೆಯ ಕಾಲೇಜು ಆಯ್ಕೆಯನ್ನು ಅರ್ಥಮಾಡಿಕೊಳ್ಳಲು ಕೊಬ್ಬರಿಯ ಅಟ್ಟವನ್ನು ಒಮ್ಮೆ ಹತ್ತಿ ನೋಡಬೇಕು. ಇಲ್ಲಿ ತಯಾರಾಗುವುದು ಎಣ್ಣೆಗೆ ಹೋಗುವ ಹೋಳು ಕೊಬ್ಬರಿಗಿಂತ ಮುಖ್ಯವಾಗಿ ತಿನ್ನಲು ಬಳಸುವ ಉಂಡೆ ಕೊಬ್ಬರಿ. ಬಲಿತ ಕಾಯಿಗಳನ್ನು ಮಟ್ಟೆ ಸಮೇತ ಅಟ್ಟಕ್ಕೆ ತುಂಬಿ 8ರಿಂದ 12 ತಿಂಗಳು ಹಾಗೆಯೇ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಒಳಗೆ ಲೊಟಲೊಟ ಸದ್ದು ಕೇಳುತ್ತದೆ. ಆಗ ಮಟ್ಟೆ ಸುಲಿದು, ಉಂಡೆಗೆ ಏಟು ಬೀಳದ ಹಾಗೆ ಚಿಪ್ಪನ್ನು ಮಾತ್ರ ಒಡೆದು ತೆಗೆಯಬೇಕು. ಕೈ ತಪ್ಪಿ ಉಂಡೆ ಒಡೆದರೆ ಬೆಲೆ ಇಳಿಯುತ್ತದೆ. ಹೀಗಾಗಿ ಕಳೆದ ವರ್ಷದ ಫಸಲು ಈ ವರ್ಷದ ಹಣವಾಗುತ್ತದೆ, ಅಟ್ಟವೇ ಕುಟುಂಬದ ಠೇವಣಿಯಾಗುತ್ತದೆ, ಅದನ್ನು ಯಾವಾಗ ಇಳಿಸಬೇಕೆಂಬ ತೀರ್ಮಾನ ಮದುವೆ, ಆಸ್ಪತ್ರೆ ಮತ್ತು ಕಾಲೇಜು ಶುಲ್ಕ ಎಂಬ ಮೂರು ಖರ್ಚುಗಳಿಗೆ ಕಟ್ಟುಬಿದ್ದಿರುತ್ತದೆ.

ಈ ಠೇವಣಿಗೆ ನಿಶ್ಚಿತ ಬಡ್ಡಿ ಇಲ್ಲ. ಕೇಂದ್ರ ಸರ್ಕಾರ 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದಾಗ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದಿದ್ದರು; 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಇದ್ದಾಗ ಅದೇ ಮಾರುಕಟ್ಟೆಯಲ್ಲಿ ದರ 20,000 ದಾಟಿತ್ತು. ಅಂದರೆ ಒಂದೇ ಮನೆಯ ಅಕ್ಕ 2023ರಲ್ಲೂ ತಮ್ಮ 2025ರಲ್ಲೂ ಪಿಯು ಮುಗಿಸಿದ್ದರೆ, ಇಬ್ಬರ ಅಂಕ ಒಂದೇ ಆಗಿದ್ದರೂ, ಅಕ್ಕ ಊರಿನ ಬಿ.ಕಾಂ.ಗೂ ತಮ್ಮ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಕೋಟಾದ ಎಂಜಿನಿಯರಿಂಗ್‌ಗೂ ಸೇರುವುದು ಅಸಂಭವವೇನಲ್ಲ. ಮ್ಯಾನೇಜ್‌ಮೆಂಟ್ ಕೋಟಾ ಎಂದರೆ ಖಾಸಗಿ ಕಾಲೇಜು ತಾನೇ ತುಂಬಿಕೊಳ್ಳುವ ಸೀಟುಗಳ ಪಾಲು. ಅಲ್ಪಸಂಖ್ಯಾತ ಸಂಸ್ಥೆಗಳಲ್ಲದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ 45ರಷ್ಟು ಸೀಟು ಸರ್ಕಾರದ ಸಿಇಟಿ ಮೂಲಕ, ಶೇ 30ರಷ್ಟು ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್-ಕೆ ಪರೀಕ್ಷೆಯ ಮೂಲಕ, ಉಳಿದ ಶೇ 25ರಷ್ಟು ಆಡಳಿತ ಮಂಡಳಿಯ ಮೂಲಕ ತುಂಬುತ್ತವೆ. ತಮ್ಮನಿಗಾಗಿ ಅಟ್ಟ ಖಾಲಿಯಾಗುವಷ್ಟು ಸಲೀಸಾಗಿ ಅಕ್ಕನಿಗಾಗಿ ಖಾಲಿಯಾಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳದೆ ಬಿಡುವುದು ಸರಿಯಲ್ಲ.

ಹಣದ ಮಾತಿಗಿಂತ ಮೊದಲು ಬರುವುದು, ಆದರೆ ಮನೆಗಳಲ್ಲಿ ಕೊನೆಗೆ ಹೊಳೆಯುವುದು, ಪಿಯುವಿನ ವಿಷಯ ಸಂಯೋಜನೆ. ಎಸ್ಸೆಸ್ಸೆಲ್ಸಿ ಮುಗಿಸಿದ ವಿದ್ಯಾರ್ಥಿ ಎರಡು ಭಾಷೆಗಳ ಜೊತೆಗೆ ಓದಬೇಕಾದ ನಾಲ್ಕು ಐಚ್ಛಿಕ ವಿಷಯಗಳ ಗುಂಪಿಗೆ ಆಡುಮಾತಿನಲ್ಲಿ ‘ಕಾಂಬಿನೇಷನ್’ ಎನ್ನುತ್ತಾರೆ. ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಜೀವಶಾಸ್ತ್ರ ಸೇರಿದರೆ ಅದು ಪಿಸಿಎಂಬಿ, ಜೀವಶಾಸ್ತ್ರದ ಬದಲು ಗಣಕವಿಜ್ಞಾನ ಸೇರಿದರೆ ಪಿಸಿಎಂಸಿ. ಕಂಪ್ಯೂಟರ್ ಎಂಜಿನಿಯರ್ ಆಗಬೇಕಾದವರು ಪಿಸಿಎಂಸಿಯನ್ನೇ ಓದಬೇಕೆಂಬ ನಂಬಿಕೆ ಈ ಸೀಮೆಯಲ್ಲಿ ಗಟ್ಟಿಯಾಗಿ ಬೇರುಬಿಟ್ಟಿದೆ, ಆದರೆ ಅದು ತಪ್ಪು. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್‌ಗೆ ಪಿಸಿಎಂಬಿ ಓದಿದವರೂ ಅಷ್ಟೇ ಅರ್ಹರು, ರ‍್ಯಾಂಕ್ ಲೆಕ್ಕಕ್ಕೆ ಬರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳೇ. ಇತ್ತ ಪಿಸಿಎಂಸಿ ಹಿಡಿದವರಿಗೆ ಜೀವಶಾಸ್ತ್ರವಿಲ್ಲದ ಕಾರಣ ವೈದ್ಯಕೀಯ, ಪಶುವೈದ್ಯಕೀಯ, ಬಿ.ಎಸ್ಸಿ. ಕೃಷಿ, ತೋಟಗಾರಿಕೆ ಎಲ್ಲವೂ ಒಂದೇ ಏಟಿಗೆ ಮುಚ್ಚಿಹೋಗುತ್ತವೆ. ಎರಡು ವರ್ಷದ ನಂತರ ‘ತೋಟಗಾರಿಕೆಗಾದರೂ ಹಾಕಬಹುದಿತ್ತಲ್ಲ’ ಎಂದು ಹಲುಬುವುದು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಪಿಸಿಎಂಬಿಯಲ್ಲಿ ಓದಬೇಕಾದ ಹೊರೆ ಹೆಚ್ಚೆಂಬುದು ನಿಜ. ಹಾಗಾಗಿ ಎಲ್ಲರೂ ವಿಜ್ಞಾನವನ್ನೇ, ಅದರಲ್ಲೂ ಜೀವಶಾಸ್ತ್ರವನ್ನೇ ತೆಗೆದುಕೊಳ್ಳಬೇಕೆಂದು ಯಾರೂ ಹೇಳಲಾರರು; ವಾಣಿಜ್ಯ ಓದಿ ಲೆಕ್ಕಪರಿಶೋಧಕನಾಗುವ ಹಾದಿ, ಅಂದರೆ ಸಿಎ, ಶುಲ್ಕದ ಲೆಕ್ಕದಲ್ಲಿ ಎಂಜಿನಿಯರಿಂಗ್‌ಗಿಂತ ಹಗುರ, ಅಲ್ಲಿ ಸೀಟಿನ ಮಿತಿಯೇ ಇಲ್ಲ, ಇರುವುದು ಪರೀಕ್ಷೆಯ ಕಾಠಿಣ್ಯ ಮಾತ್ರ. ಮಂಡಿ ವ್ಯಾಪಾರ, ತೆರಿಗೆ, ಲೇವಾದೇವಿ ಕಣ್ಣೆದುರೇ ನಡೆಯುವ ಊರಿನಲ್ಲಿ ಈ ಹಾದಿಯ ಬಗ್ಗೆ ಇನ್ನಷ್ಟು ಕುತೂಹಲ ಇರಬೇಕಿತ್ತು. ಪಿಯು ಬೇಡವೆನ್ನುವವರಿಗೆ ಎಸ್ಸೆಸ್ಸೆಲ್ಸಿ ನಂತರದ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದ್ದು, ಅದನ್ನು ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು.

ಸಿಇಟಿಯ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ರ‍್ಯಾಂಕ್ ಚೆನ್ನಾಗಿದ್ದೂ ಕ್ರಮ ತಿಳಿಯದೆ ಸೋತವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಈ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೆ 60 ಅಂಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕಗಳಿಂದ ಅರ್ಧ, ದ್ವಿತೀಯ ಪಿಯು ಅಂಕಗಳಿಂದ ಅರ್ಧ ಪರಿಗಣಿಸಲಾಗುತ್ತದೆ. ರ‍್ಯಾಂಕ್ ಬಂದ ಮೇಲೆ ‘ಆಪ್ಷನ್ ಎಂಟ್ರಿ’, ಅಂದರೆ ತನಗೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಗಣಕದಲ್ಲಿ ದಾಖಲಿಸುವ ಹಂತ. ಸೈಬರ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ವಿದ್ಯಾರ್ಥಿ, ಬೆನ್ನ ಹಿಂದೆ ಅಪ್ಪ, ಬಾಗಿಲ ಬಳಿ ಸರದಿಗೆ ಕಾಯುತ್ತಿರುವ ಇನ್ನೊಂದು ಕುಟುಂಬ, ಪರದೆಯ ಮೇಲೆ ಉದ್ದಕ್ಕೆ ಇಳಿಯುವ ಕಾಲೇಜುಗಳ ಪಟ್ಟಿ: ನಾಲ್ಕು ವರ್ಷದ ತೀರ್ಮಾನ ಅರ್ಧ ಗಂಟೆಯಲ್ಲಿ ಮುಗಿಯುವುದು ಹೀಗೆ. ‘ಸಿಗೋದನ್ನೇ ಮೊದಲು ಹಾಕಣ್ಣ, ದೊಡ್ಡ ಕಾಲೇಜು ಹಾಕಿ ಯಾಕೆ ಕೈ ಸುಟ್ಕೊಳ್ತೀಯ’ ಎಂಬ ಸಲಹೆ ಅಲ್ಲಿ ಪುಕ್ಕಟೆಯಾಗಿ ಸಿಗುತ್ತದೆ, ಮತ್ತು ಅದರಷ್ಟು ದುಬಾರಿಯಾದ ಸಲಹೆ ಇನ್ನೊಂದಿಲ್ಲ. ಗಣಕ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗಿ ಆ ರ‍್ಯಾಂಕಿಗೆ ದೊರೆಯುವ ಮೊದಲನೆಯದನ್ನು ಹಂಚಿಬಿಡುತ್ತದೆ. ಸಿಗಲಾರದ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ, ಸುಲಭವಾಗಿ ಸಿಗುವುದನ್ನು ಮೇಲೆ ಬರೆದರೆ ಅದರ ಕೆಳಗಿನ ಉತ್ತಮ ಆಯ್ಕೆಗಳು ಓದಲ್ಪಡುವುದೇ ಇಲ್ಲ.

ಅಂತಿಮ ಹಂಚಿಕೆಗೆ ಮೊದಲು ಅಣಕು ಸೀಟು ಹಂಚಿಕೆ ನಡೆದು, ಈಗಿನ ಪಟ್ಟಿಯ ಪ್ರಕಾರ ಏನು ಸಿಗಬಹುದೆಂಬ ಅಂದಾಜು ದೊರೆಯುತ್ತದೆ. ಆಗ ಪಟ್ಟಿಯನ್ನು ತಿದ್ದಲು ಅವಕಾಶವಿದೆ. ನಿಜವಾದ ಹಂಚಿಕೆಯ ಬಳಿಕ ನಾಲ್ಕು ‘ಛಾಯ್ಸ್’ಗಳು: ಸಿಕ್ಕಿದ್ದನ್ನು ಒಪ್ಪಿ ಕಾಲೇಜಿಗೆ ಸೇರುವುದು ಮೊದಲನೆಯದು, ಸೀಟನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದಕ್ಕೆ ಕಾಯುವುದು ಎರಡನೆಯದು, ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು, ಪ್ರಕ್ರಿಯೆಯಿಂದಲೇ ಹೊರಬರುವುದು ನಾಲ್ಕನೆಯದು. ಎರಡನೆಯದನ್ನು ಆರಿಸಿದವರಿಗೆ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿ ಕೈಬಿಟ್ಟುಹೋಗುತ್ತದೆಂಬ ನಿಯಮ ತಿಳಿಯದೆ, ಪಟ್ಟಿಯ ಮೇಲ್ಭಾಗದಲ್ಲಿ ಮನಸ್ಸಿಲ್ಲದ ಕೋರ್ಸನ್ನು ಉಳಿಸಿಕೊಂಡವರು ಅದಕ್ಕೇ ಹೋಗಿ ಬೀಳುತ್ತಾರೆ.

ರ‍್ಯಾಂಕ್ ಎಷ್ಟೇ ಬಂದರೂ ಸರ್ಕಾರಿ ಸೀಟಿನಲ್ಲಿ ಇನ್ನೊಂದು ಎಣಿಕೆ ನಡೆಯುತ್ತದೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿದವರಿಗೆ ಶೇ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟುಗಳು ಮೀಸಲು. ಇಲ್ಲಿ ಗ್ರಾಮೀಣ ಎಂಬುದು ಮನೆಯ ವಿಳಾಸವಲ್ಲ, ಶಾಲೆಯ ವಿಳಾಸ. ತೋಟದ ಮನೆಯ ಮುಂದೆ ನಿಲ್ಲುವ ಹಳದಿ ಬಸ್ಸನ್ನು ಹತ್ತಿ ತಿಪಟೂರು ನಗರಸಭೆಯ ಅಥವಾ ಚಿಕ್ಕನಾಯಕನಹಳ್ಳಿ ಪುರಸಭೆಯ ವ್ಯಾಪ್ತಿಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋದ ಮಗು, ಹುಟ್ಟಿ ಬೆಳೆದದ್ದೆಲ್ಲ ತೆಂಗಿನ ಮರಗಳ ನಡುವೆಯೇ ಆಗಿದ್ದರೂ, ಈ ಎರಡು ಮೀಸಲಾತಿಗಳ ಲೆಕ್ಕದಲ್ಲಿ ಪಟ್ಟಣದ ಮಗುವೇ. ಊರ ಸರ್ಕಾರಿ ಶಾಲೆಯನ್ನು ಬಿಡಿಸುವಾಗ ತಂದೆತಾಯಿ ಇಂಗ್ಲಿಷಿನ ಲಾಭವನ್ನು ತೂಗಿ ನೋಡುತ್ತಾರೆ, ತೂಗಬೇಕಾದ್ದೇ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿತ್ತೆಂಬುದು ಬಹಳ ಮಂದಿಗೆ ತಿಳಿಯುವುದು ಹನ್ನೆರಡು ವರ್ಷಗಳ ನಂತರ.

ಈ ಸೀಮೆಯವರಿಗೆ ಇನ್ನೂ ಹತ್ತಿರದ್ದಾದ ಮೀಸಲಾತಿ ಕೃಷಿಕರ ಕೋಟಾ. ಕೃಷಿ, ತೋಟಗಾರಿಕೆ ಮೊದಲಾದ ಪದವಿಗಳಲ್ಲಿ ರೈತರ ಮಕ್ಕಳಿಗೆಂದು ಮೊದಲು ಶೇ 40ರಷ್ಟಿದ್ದ ಪಾಲನ್ನು ಈಚಿನ ವರ್ಷಗಳಲ್ಲಿ ಶೇ 50ಕ್ಕೆ ಏರಿಸಲಾಗಿದ್ದು, ಇದಕ್ಕಾಗಿ ಜಮೀನು ಮತ್ತು ಕೃಷಿ ಕುಟುಂಬಕ್ಕೆ ಸಂಬಂಧಿಸಿದ ಪ್ರಮಾಣಪತ್ರಗಳ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಬೀಜ, ಗೊಬ್ಬರ, ಕಳೆ, ಕೀಟ, ಉಪಕರಣ ಇಂಥವನ್ನು ಗುರುತಿಸುವುದು ಈ ಪರೀಕ್ಷೆಯ ತಿರುಳು. ಉದ್ದಿಗೂ ಹೆಸರಿಗೂ ಇರುವ ವ್ಯತ್ಯಾಸ, ಹುರುಳಿಯ ಬಣ್ಣ, ಯೂರಿಯಾ ಕಾಳಿಗೂ ಪೊಟ್ಯಾಷಿಗೂ ಇರುವ ಭೇದ ಕೋಚಿಂಗ್ ಕೇಂದ್ರದ ನೋಟ್ಸಿನಿಂದ ಬರುವುದಕ್ಕಿಂತ ಬೇಗ ಕಣದಲ್ಲಿ ಕೂತವರಿಗೆ ಬರುತ್ತದೆ. ವಿಚಿತ್ರವೆಂದರೆ, ಮಗ ಓದಲಿ ಎಂಬ ಕಾಳಜಿಯಿಂದಲೇ ಅವನನ್ನು ತೋಟಕ್ಕೆ ಇಳಿಸದ, ರಾಗಿ ಒಕ್ಕಣೆಯ ದಿನವೂ ಟ್ಯೂಷನ್ನಿಗೆ ಕಳಿಸುವ ಮನೆಗಳೇ ಈಗ ಹೆಚ್ಚು; ಹದಿನೆಂಟು ವರ್ಷ ರೈತನ ಮನೆಯಲ್ಲಿದ್ದ ಹುಡುಗ ಪರೀಕ್ಷೆಗೆ ಮೂರು ದಿನ ಮೊದಲು ಅಜ್ಜಿಯ ಮುಂದೆ ಕಾಳುಗಳನ್ನು ಹರಡಿಕೊಂಡು ಹೆಸರು ಬಾಯಿಪಾಠ ಮಾಡುವ ಸ್ಥಿತಿ ಬಂದಿದೆ. ಆ ಮೂರು ದಿನ ಅಜ್ಜಿ ಆ ಮನೆಯ ಪ್ರೊಫೆಸರು.

ಬೆಂಗಳೂರಿನ ಜಿಕೆವಿಕೆ, ಮಂಡ್ಯದ ವಿ.ಸಿ. ಫಾರಂ, ಹಾಸನ ಬಳಿಯ ಕಾರೇಕೆರೆಯ ಕೃಷಿ ಕಾಲೇಜುಗಳೂ ಮೈಸೂರು, ಕೋಲಾರ, ಶಿರಸಿ ಮುಂತಾದೆಡೆಯ ತೋಟಗಾರಿಕೆ ಕಾಲೇಜುಗಳೂ ಈ ಹಾದಿಯಲ್ಲಿ ಬರುತ್ತವೆ. ತಿಪಟೂರಿಗೆ ಅಂಟಿಕೊಂಡಂತಿರುವ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಪಶುಸಂಗೋಪನಾ ಪಾಲಿಟೆಕ್ನಿಕ್ಕೂ ಇವೆ. ತೆಂಗನ್ನೇ ಮುಖ್ಯವಾಗಿ ಅಭ್ಯಾಸ ಮಾಡುವ ಕೇಂದ್ರೀಯ ತೋಟಪಟ್ಟಿ ಬೆಳೆಗಳ ಸಂಶೋಧನಾ ಸಂಸ್ಥೆ ಇರುವುದು ಕೇರಳದ ಕಾಸರಗೋಡಿನಲ್ಲಿ. ‘ತಿಪಟೂರು ಟಾಲ್’ ಎಂಬ ಎತ್ತರದ ತೆಂಗಿನ ತಳಿಗೆ ಊರಿನ ಹೆಸರನ್ನೇ ಇಡಲಾಗಿದೆ. ನುಸಿ ಪೀಡೆ, ಕಾಂಡ ಸೋರುವ ರೋಗ, ಬಿಳಿನೊಣ ಒಂದಾದ ಮೇಲೊಂದರಂತೆ ಬಂದು ಇಳುವರಿಯನ್ನು ತಿಂದುಹಾಕಿದ ಸೀಮೆಯಲ್ಲಿ ಆ ಪೀಡೆಗಳ ಬಗ್ಗೆ ಓದಿದ ಊರಿನ ಮಕ್ಕಳು ಊರಿಗೊಬ್ಬರಾದರೂ ಇರಬೇಕಿತ್ತು. ತೆಂಗಿನ ಹಣದಿಂದ ಕಂಪ್ಯೂಟರ್ ಓದಿಸುವುದರಲ್ಲಿ ತಪ್ಪೇನಿಲ್ಲ. ಹತ್ತು ಮನೆಗಳಲ್ಲಿ ಒಂದಾದರೂ ತೆಂಗಿನ ಹಣವನ್ನು ತೆಂಗು ಓದಿಸಲು ಹೂಡದಿರುವುದು ಮಾತ್ರ ಲೆಕ್ಕಾಚಾರದ ತಪ್ಪು.

ಬೆಂಗಳೂರಿನ ಆಕರ್ಷಣೆ ಸುಮ್ಮನೆ ಹುಟ್ಟಿದ್ದಲ್ಲ. ರೈಲಿನಲ್ಲಾಗಲಿ ಬಿ.ಎಚ್. ರಸ್ತೆಯಲ್ಲಾಗಲಿ ತಿಪಟೂರಿನಿಂದ ಅದು ಸುಮಾರು 140 ಕಿಲೋಮೀಟರ್, ಕೆಲಸ ಕೊಡುವ ಕಂಪನಿಗಳು ಅಲ್ಲಿವೆ, ಚಿಕ್ಕಪ್ಪನ ಮನೆ ಅಲ್ಲಿದೆ. ಎಂಜಿನಿಯರಿಂಗ್ ವಿಭಾಗವೊಂದರ ವಿದ್ಯಾರ್ಥಿ ಸಂಖ್ಯೆಗೆ ಇದ್ದ ಗರಿಷ್ಠ ಮಿತಿಯನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2024-25ರಿಂದ ತೆಗೆದುಹಾಕಿದ ಮೇಲೆ ಅಲ್ಲಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಸೀಟುಗಳು ಉಬ್ಬಿದವು. ಸೀಟು ಹೆಚ್ಚಾದದ್ದು ಸಿಹಿಸುದ್ದಿಯಂತೆ ಕಂಡರೂ ಒಂದೇ ಕಾಲೇಜಿನ ಒಂದೇ ವಿಭಾಗದಿಂದ ನೂರಾರು ಮಂದಿ ಒಂದೇ ವರ್ಷ ಹೊರಬಂದಾಗ ಕ್ಯಾಂಪಸ್ ಸಂದರ್ಶನದ ಸಾಲು ಎಷ್ಟು ಉದ್ದವಾಗುತ್ತದೆಂಬುದನ್ನು ಸಂತೆಯಲ್ಲಿ ನಿಂತು ಬೆಲೆ ಬಿದ್ದದ್ದನ್ನು ನೋಡಿದ ರೈತನಿಗೆ ಬೇರೆಯಾಗಿ ವಿವರಿಸಬೇಕಿಲ್ಲ. ಕಾಲೇಜನ್ನು ತೂಗುವಾಗ ಪ್ರಚಾರದ ಫ್ಲೆಕ್ಸಿಗಿಂತ ನೆಚ್ಚಬಹುದಾದದ್ದು ಪ್ರಾಧಿಕಾರವೇ ಪ್ರಕಟಿಸುವ ಹಿಂದಿನ ವರ್ಷದ ಕೊನೆಯ ರ‍್ಯಾಂಕುಗಳ ಪಟ್ಟಿ, ಅಂದರೆ ಪ್ರತಿ ಕಾಲೇಜಿನ ಪ್ರತಿ ಕೋರ್ಸು ಯಾವ ವರ್ಗಕ್ಕೆ ಎಷ್ಟನೇ ರ‍್ಯಾಂಕಿಗೆ ಮುಗಿಯಿತೆಂಬ ವಿವರ. ಮತ್ತು ಆಯಾ ವಿಭಾಗಕ್ಕೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆ ಇದೆಯೇ ಎಂಬ ವಿಚಾರಣೆ.

ಊರಿನ ಪದವಿ ಕಾಲೇಜುಗಳ ಚಿತ್ರವೂ ಈಚೆಗೆ ಬದಲಾಗಿದೆ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಪ್ರಯಾಣ ಉಚಿತವಾಗಿ, ತುರುವೇಕೆರೆಯ ಹುಡುಗಿಗೆ ತಿಪಟೂರೂ ಹುಳಿಯಾರಿನ ಹುಡುಗಿಗೆ ತುಮಕೂರೂ ಹತ್ತಿರ ಬಂದಿವೆ. ಬಸ್ ಚಾರ್ಜಿನ ನೆಪದಲ್ಲಿ ನಿಲ್ಲುತ್ತಿದ್ದ ಓದು ಈಗ ನಿಂತರೆ ಅದಕ್ಕೆ ಬೇರೆ ಕಾರಣವನ್ನೇ ಹುಡುಕಬೇಕು. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಕೋರ್ಸಿಗೆ ಅನುಗುಣವಾಗಿ ವರ್ಷಕ್ಕೆ 2,500ರಿಂದ 11,000 ರೂಪಾಯಿಯವರೆಗೆ ವಿದ್ಯಾರ್ಥಿವೇತನ ನಿಗದಿಯಾಗಿತ್ತು. ಬಡ ಕುಟುಂಬಗಳ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲದೆ ದೊರೆಯುವ ಹೆಚ್ಚುವರಿ ಸೀಟುಗಳು, ಅಂದರೆ ಎಸ್‌ಎನ್‌ಕ್ಯೂ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 5ರಷ್ಟಿವೆ. ಅರ್ಜಿ ತುಂಬುವಾಗ ಆ ಕಾಲಂಗೆ ಗುರುತು ಹಾಕದೆ ಬಿಡುವವರಿಗೆ ಅದು ಇದ್ದೂ ಇಲ್ಲದಂತೆ.

ಈ ವರ್ಷ ಹತ್ತನೇ ತರಗತಿಯಲ್ಲಿರುವ ಮಕ್ಕಳ ಮನೆಯವರು ಫಲಿತಾಂಶಕ್ಕೆ ಕಾಯದೆ ಈಗಲೇ ಮಾಡಬಹುದಾದ ಕೆಲಸಗಳು ಕೆಲವಿವೆ. ಆಧಾರ್‌ನಲ್ಲೂ ಶಾಲೆಯ ದಾಖಲೆಯಲ್ಲೂ ಮಗುವಿನ ಹೆಸರಿನ ಅಕ್ಷರಗಳು ಒಂದೇ ಆಗಿವೆಯೇ ಎಂದು ನೋಡಿಕೊಳ್ಳಬೇಕು. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದು ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳಿಗೆ ಓದಿದ ಶಾಲೆಗಳಲ್ಲಿ ಈಗಲೇ ವಿಚಾರಿಸಬೇಕು. ಪಿಯು ಅರ್ಜಿಯಲ್ಲಿ ಕಾಂಬಿನೇಷನ್ನಿನ ಕಾಲಂ ಬಂದಾಗ ಒಂದು ದಿನ ಪೆನ್ನು ಕೆಳಗಿಟ್ಟು, ಏನು ಓದಬೇಕೆಂದು ಮಗುವನ್ನೇ ಒಮ್ಮೆ ಕೇಳಿ.